98 × 97 ಬರುತ್ತೆ, 402 − 178 ಬರಲ್ಲ

ತಂಗಿ ಮಗಳು ಐದನೇ ಕ್ಲಾಸು. ನವೋದಯ ಶಾಲೆಯ ಪ್ರವೇಶ ಪರೀಕ್ಷೆಗೆ ಕೋಚಿಂಗ್ ಹೋಗುತ್ತಿದ್ದಾಳೆ. ನಿನ್ನೆ ಮನೆಗೆ ಬಂದವಳೇ "ದೊಡ್ಡಮ್ಮಾ, 98 ಇಂಟು 97 ಎಷ್ಟು, ಹೇಳಿ ನೋಡೋಣ" ಅಂದಳು. ನಾನು ಪೆನ್ನು ಹುಡುಕುವಷ್ಟರಲ್ಲಿ ಅವಳೇ "9506" ಅಂದುಬಿಟ್ಟಳು. ನೂರಕ್ಕೆ ಎರಡು ಕಮ್ಮಿ, ಮೂರು ಕಮ್ಮಿ. 98ರಲ್ಲಿ 3 ತೆಗೆದರೆ 95. ಎರಡ್ಮೂರ್ಲಿ ಆರು, ಪಕ್ಕದಲ್ಲಿ 06. ಮುಗೀತು. ಅವಳ ಅಪ್ಪ ಮೀಸೆ ತಿರುವುತ್ತಾ ಕೂತಿದ್ದರು.

ಸುಮ್ನೆ ಇರಬೇಕಿತ್ತು ನಾನು. ಆದರೆ ಇಡೀ ನೌಕರಿಯನ್ನು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕಳೆದವಳ ಕೆಟ್ಟ ಚಾಳಿ ನಿಮಗೆ ಗೊತ್ತಲ್ಲ. "402ರಲ್ಲಿ 178 ಕಳಿ ಪುಟ್ಟಿ" ಅಂದೆ. 376 ಅಂತ ಬರೆದಳು. 2ರಲ್ಲಿ 8 ಹೋಗಲ್ಲ, ಅದಕ್ಕೇ 8ರಲ್ಲಿ 2 ಕಳೆದಿದ್ದಾಳೆ. ಸೊನ್ನೆಯಲ್ಲಿ 7 ಹೋಗಲ್ಲ, 7 ಅನ್ನು ಹಾಗೇ ಕೆಳಗಿಳಿಸಿದ್ದಾಳೆ. ಮಗು ದಡ್ಡಿಯಲ್ಲ. ಹತ್ತು ಬಿಡಿ ಸೇರಿದರೆ ಒಂದು ಹತ್ತು, ಅಂಥ ಹತ್ತು ಹತ್ತುಗಳು ಸೇರಿದರೆ ಒಂದು ನೂರು, ಬೇಕಾದಾಗ ಅದನ್ನೇ ಮತ್ತೆ ಬಿಡಿಸಬಹುದು ಅನ್ನುವುದನ್ನು ಯಾರೂ ಅವಳ ಕೈಗೆ ಕೊಟ್ಟು ತೋರಿಸಿಲ್ಲ, ಅಷ್ಟೇ.

ಇನ್ನೊಂದು ಕೇಳಿ. "ರಾಮುವಿನ ಹತ್ತಿರ 15 ಮಾವಿನಹಣ್ಣಿದೆ. ಅದು ಸೀತಾಳ ಹತ್ತಿರ ಇರುವುದಕ್ಕಿಂತ 6 ಜಾಸ್ತಿ. ಸೀತಾಳ ಹತ್ತಿರ ಎಷ್ಟಿದೆ?" ಅಂದರೆ ಕಣ್ಣು ಮುಚ್ಚಿ 21. ಯಾಕಮ್ಮಾ? "ಜಾಸ್ತಿ ಅಂತ ಇದ್ರೆ ಕೂಡಬೇಕು, ಕಮ್ಮಿ ಅಂತ ಇದ್ರೆ ಕಳೀಬೇಕು. ಸರ್ ಹೇಳಿದ್ದಾರೆ." ಲೆಕ್ಕ ಓದುವ ಅಗತ್ಯವೇ ಇಲ್ಲ! ಎಂಥಾ ಸೌಕರ್ಯ! ಪ್ರಶ್ನೆಪತ್ರಿಕೆ ಮಾಡುವವರು ಆಯ್ಕೆಗಳಲ್ಲಿ ಸರಿಯುತ್ತರ 9ರ ಪಕ್ಕ 21 ಇಟ್ಟುಕೊಂಡೇ ಕಾಯುತ್ತಿರುತ್ತಾರೆ ಅನ್ನುವುದನ್ನು ಮಾತ್ರ ಆ ಸರ್ ಹೇಳಿಲ್ಲ.

"ಟೈಮ್ ಎಲ್ಲಿದೆ ಅಕ್ಕಾ, ಕಾಂಪಿಟೇಷನ್ ಜಾಸ್ತಿ" ಅಂತ ತಂಗಿಯ ವಾದ. ಕಾಂಪಿಟೇಷನ್ ಇದೆ, ಒಪ್ಪಿದೆ. ಟೈಮ್? ನವೋದಯದಲ್ಲಿ ಎರಡು ಗಂಟೆಗೆ 80 ಪ್ರಶ್ನೆ, ಅದರಲ್ಲಿ ಅಂಕಗಣಿತ 20. ಒಂದಕ್ಕೆ ಒಂದೂವರೆ ನಿಮಿಷ. ನೆಟ್ಟಗೆ ಕಳೆಯಲು ಬರುವ ಮಗುವಿಗೆ ಅರ್ಧ ನಿಮಿಷ ಸಾಕು. ಬರದಿದ್ದರೆ ಅರ್ಧ ಗಂಟೆ ಕೊಟ್ಟರೂ 376ನೇ.

ಇದು ನಮ್ಮ ಮನೆಯೊಂದರ ಕಥೆಯೂ ಅಲ್ಲ. ಅಸರ್ (ASER) ಅನ್ನುವ ಶಿಕ್ಷಣ ಸಮೀಕ್ಷೆಯವರು 2005ರಿಂದ ಹಳ್ಳಿ ಮನೆಗಳಿಗೇ ಹೋಗಿ ಮಕ್ಕಳನ್ನು ಕೂರಿಸಿ ಲೆಕ್ಕ ಮಾಡಿಸುತ್ತಾರೆ. ಏನು ಭಾರಿ ಲೆಕ್ಕ? ದಶಕ ಬಿಡಿಸಿ ಕಳೆಯುವ ಎರಡಂಕಿ ಲೆಕ್ಕ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ. 2024ರಲ್ಲೂ ಐದನೇ ಕ್ಲಾಸಿನವರಲ್ಲಿ ಆ ಭಾಗಾಕಾರ ಮಾಡಿದವರು ಅರ್ಧದಷ್ಟೂ ಇಲ್ಲ. ನಾವಿಲ್ಲಿ 98 ಇಂಟು 97ಕ್ಕೆ ಚಪ್ಪಾಳೆ ಹೊಡೆಯುತ್ತಿದ್ದೇವೆ.

ನಾನು ಮಗ್ಗಿಯ ವಿರೋಧಿ ಅಂತ ಹಣೆಪಟ್ಟಿ ಕಟ್ಟಬೇಡಿ. ಮಗ್ಗಿ ಬಾಯಿಗೆ ಬರಲೇಬೇಕು. (ನನಗೆ 17ರದ್ದು ಇವತ್ತಿಗೂ ಮಧ್ಯದಲ್ಲಿ ಕೈಕೊಡುತ್ತದೆ. ಅಷ್ಟು ವರ್ಷ ಕೋಟಿಗಟ್ಟಲೆ ನೋಟು ಎಣಿಸಿದ್ದೇನೆ, ಯಾರಿಗೂ ಹೇಳಬೇಡಿ.)

ಆಮೇಲೆ ಡಬ್ಬಿ ತೆಗೆದು ನಾಲ್ಕು ನೂರರ ನೋಟು, ಎರಡು ಒಂದು ರೂಪಾಯಿ ಕೊಟ್ಟೆ. "178 ನನಗೆ ಕೊಡು." ತಡಕಾಡಿದಳು. "ಚಿಲ್ಲರೆ ಇಲ್ಲ ದೊಡ್ಡಮ್ಮಾ." "ಮಾಡಿಸ್ಕೋ." ಒಂದು ನೂರು ಕೊಟ್ಟು ಹತ್ತರ ಹತ್ತು ನೋಟು ತಗೊಂಡಳು. ಅದರಲ್ಲಿ ಒಂದನ್ನು ಕೊಟ್ಟು ಹತ್ತು ನಾಣ್ಯ. ಎಣಿಸಿ ಕೊಟ್ಟಳು. ಕೈಯಲ್ಲಿ 224 ಉಳಿಯಿತು. ಪುಸ್ತಕದಲ್ಲಿದ್ದ 376 ನೋಡಿ, ತಾನೇ ಗೀಟು ಹಾಕಿದಳು.

ಅವಳ ಅಪ್ಪ ಮಾತ್ರ ಮುಖ ಗಂಟಿಕ್ಕಿಕೊಂಡು "ಇದೆಲ್ಲ ಸಿಲಬಸ್‌ನಲ್ಲಿದೆಯಾ?" ಅಂದರು.