ಡಿಸ್ಕ್ ಸತ್ತಿಲ್ಲ, ಫಾರ್ಮ್ಯಾಟ್ ಮಾಡಬೇಡಿ

ಮೊನ್ನೆ ರಾತ್ರಿ ಲಿನಕ್ಸ್ ಅಪ್‌ಡೇಟ್ ಮಾಡಿದೆ. ಹೊಸ ಕರ್ನಲ್ (ಡಿಸ್ಕ್, ಕೀಬೋರ್ಡ್‌ನಂಥ ಹಾರ್ಡ್‌ವೇರ್ ಜೊತೆ ಮಾತಾಡುವ ಲಿನಕ್ಸ್‌ನ ತಿರುಳು) ಬಂತು, ರೀಬೂಟ್ ಮಾಡಿದೆ, ಎಲ್ಲ ಸರಿಯಾಗಿಯೇ ಇತ್ತು. ಬೆಳಿಗ್ಗೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಚುಚ್ಚಿದರೆ ಏನೂ ಇಲ್ಲ. ಲೈಟ್ ಉರಿಯುತ್ತಿದೆ. ಮೇಲೆ ಕೈಯಿಟ್ಟರೆ ಒಳಗೆ ತಿರುಗುತ್ತಿರುವುದು ಗೊತ್ತಾಗುತ್ತಿದೆ. ಆದರೆ ಫೈಲ್ ಮ್ಯಾನೇಜರಿನಲ್ಲಿ ಹೆಸರೇ ಇಲ್ಲ. ಅದರಲ್ಲಿ ಹನ್ನೊಂದು ವರ್ಷದ ಫೋಟೋಗಳಿವೆ. ಅಪ್ಪನ ದನಿಯ ಎರಡು ರೆಕಾರ್ಡಿಂಗ್ ಇವೆ. ಎದೆ ಧಸಕ್ಕೆಂದಿತು.

ಗಾಬರಿಯಲ್ಲಿ ಡಿಸ್ಕ್ ತೆಗೆದು ಗೆಳೆಯನ ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿದೆ. ತಕ್ಷಣ ಪರದೆಯ ಮೇಲೆ ಪ್ರಶ್ನೆ ಬಂತು. ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ? "ಹೋಗಿದೆ ಕಣೋ ಇದು, ಮಾಡ್ಬಿಡ್ಲಾ?" ಅಂದ. ಕೈ ಆಗಲೇ ಮೌಸ್ ಮೇಲಿತ್ತು. ಹಿಡಿದು ನಿಲ್ಲಿಸಿದೆ.

ನನ್ನ ಡಿಸ್ಕ್‌ನಲ್ಲಿರುವುದು ಇಎಕ್ಸ್‌ಟಿ4 ಫೈಲ್ ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಲಿನಕ್ಸ್‌ನ ಒಂದು ವಿಧಾನ. ಅದನ್ನು ಓದಲು ವಿಂಡೋಸ್‌ಗೆ ತಾನಾಗಿ ಬರುವುದಿಲ್ಲ. ಓದಲು ಬಾರದಿದ್ದಾಗ ಅದು ಕೇಳುವುದು ಇದೇ ಪ್ರಶ್ನೆ. ಡಿಸ್ಕ್ ಕೆಟ್ಟಿದೆ ಅಂತ ಅದರ ಅರ್ಥ ಅಲ್ಲವೇ ಅಲ್ಲ. ಅಲ್ಲಿ ಹೌದು ಅಂತ ಒತ್ತಿ ಚೆನ್ನಾಗಿದ್ದ ಡಿಸ್ಕನ್ನೇ ಅಳಿಸಿಕೊಂಡವರು ಎಷ್ಟು ಜನ ಇದ್ದಾರೋ ಅನ್ನಿಸಿ ಇಷ್ಟುದ್ದ ಬರೆಯುತ್ತಿದ್ದೇನೆ.

ಕರ್ನಲ್ ಬದಲಾದ ಮೇಲೆ ಡಿಸ್ಕ್ ಕಾಣಿಸಲಿಲ್ಲ ಅಂದರೆ ಮೊದಲ ಅನುಮಾನ ಕರ್ನಲ್ ಮೇಲೆ ಇರಬೇಕು. ನಿನ್ನೆವರೆಗೂ ಓಡಿದ್ದು ಇದೇ ಡಿಸ್ಕ್, ಇದೇ ಕೇಬಲ್, ಅಲ್ವಾ? ಪರೀಕ್ಷೆ ಮಾಡುವುದೂ ಸುಲಭ. ರೀಬೂಟ್ ಮಾಡಿ, ಲಿನಕ್ಸ್ ಶುರುವಾಗುವ ಮೊದಲು ಬರುವ ಗ್ರಬ್ ಮೆನುವಿನಲ್ಲಿ ಹಳೇ ಕರ್ನಲ್ ಆರಿಸಿಕೊಳ್ಳಿ. ಉಬುಂಟುವಿನಲ್ಲಾದರೆ ಅದು ಅಡ್ವಾನ್ಸ್ಡ್ ಆಪ್ಷನ್ಸ್ ಒಳಗಿರುತ್ತದೆ. ನಾನು ಹಾಗೇ ಮಾಡಿದೆ. ಡಿಸ್ಕ್ ಬಂತು. ಬೇರೇನೂ ನೋಡದೆ ಮೊದಲು ಅಪ್ಪನ ಫೈಲುಗಳನ್ನು ಇನ್ನೊಂದು ಕಡೆ ಕಾಪಿ ಮಾಡಿಕೊಂಡೆ. ಹಳೇ ಕರ್ನಲ್‌ನಲ್ಲೂ ಡಿಸ್ಕ್ ಬರದಿದ್ದರೆ ಮಾತ್ರ ಕೇಬಲ್, ಪೋರ್ಟ್, ಆಮೇಲೆ ಡಿಸ್ಕ್ ಅಂತ ಹುಡುಕಬೇಕು. ಅದಕ್ಕೇ ಹೇಳುವುದು, ಜಾಗ ಉಳಿಸಲು ಹಳೇ ಕರ್ನಲ್‌ಗಳನ್ನೆಲ್ಲ ಗುಡಿಸಿ ಹಾಕಬೇಡಿ.

ನಂತರ ಹೊಸ ಕರ್ನಲ್‌ಗೆ ಮರಳಿ, ಟರ್ಮಿನಲ್‌ನಲ್ಲಿ ಡಿಮೆಸ್ಗ್ (ಕರ್ನಲ್ ಬರೆದುಕೊಳ್ಳುವ ಸಂದೇಶಗಳನ್ನು ತೋರಿಸುವ ಕಮಾಂಡ್) ತೆರೆದಿಟ್ಟು ಡಿಸ್ಕ್ ಚುಚ್ಚಿದೆ. ಯುಎಸ್‌ಬಿ ಡಿವೈಸ್ ಸಿಕ್ಕಿದೆ ಅಂತ ಒಂದು ಸಾಲು ಬಂತು. ಆಮೇಲೆ ಸುಮಾರು 30 ಸೆಕೆಂಡ್ ಏನೂ ಇಲ್ಲ. ಆಮೇಲೆ ಯುಎಎಸ್ ಅಬಾರ್ಟ್ ಅಂತ ಒಂದಷ್ಟು ಸಾಲು, ಹಿಂದೆಯೇ ಡಿವೈಸ್ ರೀಸೆಟ್. ಮತ್ತೆ 30 ಸೆಕೆಂಡ್, ಮತ್ತೆ ಅದೇ ಸಾಲುಗಳು. ಕೊಟ್ಟ ಆಜ್ಞೆಗೆ ಡಿಸ್ಕಿನ ಉತ್ತರ ಬರಲಿ ಅಂತ ಕರ್ನಲ್ ಸಾಮಾನ್ಯವಾಗಿ ಕಾಯುವುದೇ ಅಷ್ಟು ಹೊತ್ತು. ಉತ್ತರ ಬರದಿದ್ದಾಗ ರೀಸೆಟ್ ಮಾಡಿ ಮತ್ತೆ ಕೇಳುತ್ತದೆ.

ಇದರ ಹಿಂದಿನ ಕಥೆ ಹೀಗೆ. ಎಕ್ಸ್‌ಟರ್ನಲ್ ಡಿಸ್ಕಿನ ಡಬ್ಬಿಯೊಳಗೆ ಸಾಮಾನ್ಯವಾಗಿ ಒಂದು ಪುಟ್ಟ ಚಿಪ್ ಇರುತ್ತದೆ. ಯುಎಸ್‌ಬಿಯ ಮಾತನ್ನು ಡಿಸ್ಕಿಗೆ, ಡಿಸ್ಕಿನ ಮಾತನ್ನು ಯುಎಸ್‌ಬಿಗೆ ಮುಟ್ಟಿಸುವುದು ಅದರ ಕೆಲಸ. ಈ ಚಿಪ್ ಜೊತೆ ಮಾತಾಡಲು ಕರ್ನಲ್‌ನಲ್ಲಿ ಎರಡು ಡ್ರೈವರ್‌ಗಳಿವೆ. ಹಳೆಯ ಯುಎಸ್‌ಬಿ-ಸ್ಟೋರೇಜ್ ಡ್ರೈವರ್ ಒಂದು ಸಲಕ್ಕೆ ಒಂದೇ ಆಜ್ಞೆ ಕೊಡುತ್ತದೆ. ಯುಎಎಸ್ ಡ್ರೈವರ್ ಹಲವು ಆಜ್ಞೆಗಳನ್ನು ಒಟ್ಟಿಗೆ ಸಾಲಿನಲ್ಲಿ ನಿಲ್ಲಿಸುತ್ತದೆ, ವೇಗ ಜಾಸ್ತಿ. ಆದರೆ ಕೆಲವು ಚಿಪ್‌ಗಳು ಯುಎಎಸ್ ಬರುತ್ತದೆ ಅಂತ ಹೇಳಿಕೊಂಡರೂ ನಿಜವಾದ ಕೆಲಸ ಬಿದ್ದಾಗ ಸುಮ್ಮನೆ ನಿಂತುಬಿಡುತ್ತವೆ. ಚುಚ್ಚಿರುವ ಯುಎಸ್‌ಬಿ ಸಾಧನಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಯುಎಸ್‌ಬಿ ಕಮಾಂಡನ್ನು ಮೈನಸ್ ಟಿ ಸೇರಿಸಿ ಕೊಟ್ಟು ನೋಡಿದರೆ ಹಳೇ ಕರ್ನಲ್‌ನಲ್ಲಿ ನನ್ನ ಡಿಸ್ಕಿನ ಮುಂದೆ ಯುಎಸ್‌ಬಿ-ಸ್ಟೋರೇಜ್ ಅಂತಿತ್ತು, ಹೊಸದರಲ್ಲಿ ಯುಎಎಸ್. ಅಲ್ಲಿಗೆ ವಿಷಯ ಗೊತ್ತಾಯಿತು.

ಪರಿಹಾರ ಒಂದೇ ಸಾಲು. ಎಲ್‌ಎಸ್‌ಯುಎಸ್‌ಬಿ ತೋರಿಸುವ ಐಡಿ ಬರೆದುಕೊಳ್ಳಿ, ನಾಲ್ಕು ಅಕ್ಷರ, ಕೋಲನ್, ಮತ್ತೆ ನಾಲ್ಕು ಅಕ್ಷರ. ಗ್ರಬ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ಯುಎಸ್‌ಬಿ-ಸ್ಟೋರೇಜ್ ಡಾಟ್ ಕ್ವಿರ್ಕ್ಸ್ ಈಕ್ವಲ್ಸ್ ಅಂತ ಹಾಕಿ ಆ ಐಡಿ, ಕೋಲನ್, ಸಣ್ಣ ಯು ಸೇರಿಸಿ. ಆ ಒಂದು ಚಿಪ್‌ಗೆ ಮಾತ್ರ ಯುಎಎಸ್ ಬೇಡ ಅಂತ ಅರ್ಥ. ಹೀಗೆ ಮಾಡಿದ್ದು ಆ ಒಂದು ಬೂಟ್‌ಗೆ ಮಾತ್ರ, ಆದ್ದರಿಂದ ಭಯವಿಲ್ಲದೆ ಪ್ರಯತ್ನಿಸಬಹುದು. ಸರಿಹೋದರೆ ಗ್ರಬ್ ಸೆಟ್ಟಿಂಗ್‌ನಲ್ಲಿ ಶಾಶ್ವತವಾಗಿ ಸೇರಿಸಿ. ತಿರುಗುವ ಡಿಸ್ಕ್‌ಗಳಲ್ಲಿ ವೇಗದ ವ್ಯತ್ಯಾಸ ನನಗಂತೂ ಗೊತ್ತಾಗಲಿಲ್ಲ. ಎಸ್‌ಎಸ್‌ಡಿ ಆದರೆ ಗೊತ್ತಾಗುತ್ತದೆ.

ಎಲ್ಲರದ್ದೂ ಯುಎಎಸ್ ತೊಂದರೆಯೇ ಆಗಿರಬೇಕಿಲ್ಲ. ಕೆಲವು ಡಿಸ್ಟ್ರೋಗಳಲ್ಲಿ (ಉಬುಂಟುವಿನಂಥ ಲಿನಕ್ಸ್ ಬಗೆಗಳು) ಅಪ್‌ಡೇಟ್ ಆದ ಕೂಡಲೇ ಹಳೇ ಕರ್ನಲ್‌ನ ಮಾಡ್ಯೂಲ್‌ಗಳು, ಅಂದರೆ ಬೇಕಾದಾಗ ಸೇರಿಸಿಕೊಳ್ಳುವ ಡ್ರೈವರ್ ಫೈಲುಗಳು, ಅಳಿಸಿಹೋಗುತ್ತವೆ. ರೀಬೂಟ್ ಮಾಡದೆ ಡಿಸ್ಕ್ ಚುಚ್ಚಿದರೆ ಡ್ರೈವರ್ ಸಿಗುವುದಿಲ್ಲ, ರೀಬೂಟ್ ಸಾಕು. ವಿಂಡೋಸ್‌ನ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್ ಇರುವ ಡಿಸ್ಕ್‌ನದು ಬೇರೆಯೇ. 2021ರಲ್ಲಿ ಬಂದ 5.15 ಕರ್ನಲ್‌ನಿಂದ ಎನ್‌ಟಿಎಫ್‌ಎಸ್3 ಅನ್ನುವ ಡ್ರೈವರ್ ಕರ್ನಲ್ ಒಳಗೇ ಇದೆ. ಡಿಸ್ಕ್ ಸರಿಯಾಗಿ ಇಜೆಕ್ಟ್ ಮಾಡದೆ ಕಿತ್ತು ಡರ್ಟಿ ಅಂತ ಗುರುತು ಬಿದ್ದಿದ್ದರೆ ಆ ಡ್ರೈವರ್ ಅದನ್ನು ಮೌಂಟ್ ಮಾಡಲು, ಅಂದರೆ ಬಳಕೆಗೆ ತೆರೆಯಲು, ಒಪ್ಪುವುದಿಲ್ಲ. ಫೋರ್ಸ್ ಆಪ್ಷನ್ ಕೊಡಬೇಡಿ. ವಿಂಡೋಸ್‌ನಲ್ಲಿ ಚೆಕ್‌ಡಿಸ್ಕ್ ಓಡಿಸಿಕೊಂಡು ಬನ್ನಿ.

ಇನ್ನೊಂದು ಮಾತು. ಸರಿಯಾಯಿತು ಅಂತ ಅಲ್ಲಿಗೇ ಬಿಡಬೇಡಿ. ಹಳೇ ಕರ್ನಲ್‌ನಲ್ಲಿ ಓಡುತ್ತಿದ್ದದ್ದು ಹೊಸದರಲ್ಲಿ ಕೆಟ್ಟರೆ ಅದು ಕರ್ನಲ್‌ನ ತಪ್ಪು, ಬಳಸುವವರದ್ದಲ್ಲ ಅನ್ನುವುದು ಲಿನಕ್ಸ್ ಕರ್ನಲ್ ಶುರುಮಾಡಿದ ಲಿನಸ್ ಟೋರ್ವಾಲ್ಡ್ಸ್ ಬಿಗಿಯಾಗಿ ಹಿಡಿದಿರುವ ನಿಯಮ. ಹಾಗಾಗಿ ದೂರು ಕೊಡಲು ಸಂಕೋಚ ಬೇಡ. ಕೈಕೊಡುವ ಚಿಪ್‌ಗಳ ಐಡಿಗಳ ಒಂದು ಪಟ್ಟಿ ಕರ್ನಲ್ ಒಳಗೇ ಇದೆ. ಎರಡೂ ಕರ್ನಲ್‌ಗಳ ಸಂಖ್ಯೆ, ಚಿಪ್‌ನ ಐಡಿ, ಡಿಮೆಸ್ಗ್‌ನ ಆ ಸಾಲುಗಳು ಮೂರನ್ನೂ ಸೇರಿಸಿ ಕರ್ನಲ್ ಬರೆಯುವವರಿಗೆ ನಿನ್ನೆ ಕಳಿಸಿದೆ. ಸೀರಿಯಲ್ ನಂಬರ್ ಮಾತ್ರ ಅಳಿಸಿದ್ದೇನೆ. ನನ್ನ ಚಿಪ್ ಆ ಪಟ್ಟಿಗೆ ಸೇರಿದರೆ, ಇದೇ ಡಬ್ಬಿ ಇಟ್ಟುಕೊಂಡಿರುವ ಇನ್ಯಾರಿಗೋ ಈ ಯಾವ ಸಾಲನ್ನೂ ಟೈಪ್ ಮಾಡುವ ಕೆಲಸ ಇರುವುದಿಲ್ಲ.