ಬೀಳೋ ಹಾಗಿದ್ದ ಬೀಳ್ಕೊಡುಗೆ

ನಮ್ಮ ಮೇಷ್ಟ್ರ ನಿವೃತ್ತಿ ಸಮಾರಂಭಕ್ಕೆ ಫ್ಲೆಕ್ಸ್ ಮಾಡ್ಸೋ ಕೆಲಸ ನನ್ನ ತಲೆಗೆ ಬಿತ್ತು. ಎಂಟಡಿ ನಾಲ್ಕಡಿ, ಮೇಲೆ "ಗುರುಗಳಿಗೆ ಬೀಳ್ಕೊಡುಗೆ", ಮಧ್ಯ ಫೋಟೊ, ಕೆಳಗೆ "34 ವರ್ಷ ಪಾಠ ಹೇಳಿದ ನಿಮಗೆ ವಂದನೆ". ಇಷ್ಟಕ್ಕೆ ಎರಡು ಗಂಟೆ ಅಂಗಡೀಲಿ ಕೂತಿದ್ದೆ, ಸಿಟ್ಟು ಇನ್ನೂ ಇಳಿದಿಲ್ಲ.

ಡಿಸೈನ್ ಮಾಡೋ ಹುಡುಗನಿಗೆ ಒಂದು ಚಟ. ಕೋರೆಲ್ ಅನ್ನೋ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಏನೇ ಟೈಪ್ ಮಾಡಲಿ, ಮೊದಲು ಎರಡೂ ಕಡೆಯಿಂದ ಅಮುಕ್ತಾನೆ, ಆಮೇಲೆ ಅದೇ ಬಣ್ಣದ ದಪ್ಪ ಔಟ್‌ಲೈನ್ ಬಳೀತಾನೆ, ಕೊನೆಗೆ ಇನ್ನೊಂದು ಕ್ಲಿಕ್ ಮಾಡಿ ಮೇಲಿನ ಬಾಣ ಹಿಡಿದು ಅಕ್ಷರ ಓರೆಯಾಗೋ ಹಾಗೆ ಬಲಕ್ಕೆ ಎಳೆದೇ ಬಿಡ್ತಾನೆ. ಕಬಡ್ಡಿ ಟೂರ್ನಮೆಂಟು, ಜಿಮ್ಮು, ಸೀಮಂತ, ವೈಕುಂಠ ಸಮಾರಾಧನೆ, ಎಲ್ಲಕ್ಕೂ ಇದೇ. "ನೆಟ್ಟಗೆ ಇಡಪ್ಪ" ಅಂದ್ರೆ "ಸ್ಪೀಡ್ ಲುಕ್ ಬೇಕಲ್ವಾ ಸಾರ್" ಅಂತಾನೆ. ನಮ್ಮ ಮೇಷ್ಟ್ರು ಸೈಕಲ್ ತುಳೀತಿದ್ರೆ ಪಕ್ಕದಲ್ಲಿ ನಡ್ಕೊಂಡು ಹೋಗೋರು ಮುಂದೆ ಹೋಗ್ಬಿಡ್ತಿದ್ರು, ಅವರಿಗೆ ಎಂಥ ಸ್ಪೀಡು!

ದಪ್ಪಗೆ, ಇಕ್ಕಟ್ಟಾಗಿ, ಓರೆಯಾಗಿರೋ ಅಕ್ಷರದ ಮೇಲೆ ನನಗೇನೂ ದ್ವೇಷ ಇಲ್ಲ. ಜೆರ್ಸಿ ಬೆನ್ನಿಗೆ, ಟೈರ್ ಅಂಗಡಿ ಬೋರ್ಡಿಗೆ ಸೊಗಸಾಗಿ ಕೂರುತ್ತೆ, ಚಿಕ್ಕ ಜಾಗದಲ್ಲಿ ದೊಡ್ಡ ಕೂಗು. (ಬಸ್ಸಿನ ಮೇಲೂ ಹಾಕ್ತಾರೆ, ಆದ್ರೆ ಬಾಗಿಲ ಕಡೆ ನಿಂತು ನೋಡಿ, ಬಸ್ಸಿನ ಮೂತಿ ಎಡಕ್ಕೆ, ಅಕ್ಷರ ವಾಲಿರೋದು ಬಲಕ್ಕೆ, ಎಕ್ಸ್‌ಪ್ರೆಸ್ಸು ರಿವರ್ಸ್ ಹೋಗ್ತಿದ್ಯೇನೋ ಅನ್ಸುತ್ತೆ.) ವೆನಿಸ್‌ನ ಮುದ್ರಕ ಆಲ್ಡಸ್ ಮನುಟಿಯಸ್ 1501ರಲ್ಲೇ ಇಡೀ ಪುಸ್ತಕಾನ ಓರೆ ಅಕ್ಷರದಲ್ಲಿ ಅಚ್ಚು ಹಾಕಿದ್ದ, ಅದಕ್ಕೇ ಅಂತ ಬೇರೆ ಅಚ್ಚಿನ ಮೊಳೆ ಕೆತ್ತಿಸಿ. ನಮ್ಮ ದುಂಡಕ್ಷರಕ್ಕೆ ಆ ಭಾಗ್ಯ ಎಲ್ಲಿ, ಕಂಪ್ಯೂಟರ್ ಸುಮ್ನೆ ಹಿಡಿದು ತಳ್ಳುತ್ತೆ. ಇಕ್ಕಟ್ಟೇ ಬೇಕಿದ್ರೆ ಅನೇಕ್ ಕನ್ನಡ ಅಂತ ಪುಕ್ಕಟೆ ಫಾಂಟ್ ಇದೆ ಮಾರಾಯ, ಅಗಲ ಕಮ್ಮಿ ಮಾಡಿದ್ರೂ ಅಕ್ಷರ ಕೆಡದ ಹಾಗೆ ಬರೆದಿದ್ದಾರೆ ಅಂತ ಹೇಳಿದೆ. ಹೂಂ ಅಂದ, ಎಳೆದ.

ಪ್ರಿಂಟ್ ಬಂತು. ಠ ಒಳಗಿನ ಚುಕ್ಕಿ ಮುಚ್ಚಿಹೋಗಿ "34 ವರ್ಷ ಪಾರ ಹೇಳಿದ" ಆಗಿದೆ, "ವಂದನೆ"ಯ ಸೊನ್ನೆ ಒಗ್ಗರಣೆ ಸಾಸಿವೆ ಥರ ಕಪ್ಪಗೆ ಉಂಡೆ, ಳ ಕೆಳಗಿನ ಕ ಒತ್ತು ಇಳಿದು ಹೋಗಿ ಮೇಷ್ಟ್ರ ಬೋಳುತಲೆ ಮೇಲೆ ಜುಟ್ಟಾಗಿ ಕೂತಿದೆ. "ಬೀಳ್ಕೊಡುಗೆ" ಅಂತೂ ಈಗಲೋ ಆಗಲೋ ಬೀಳೋ ಹಾಗೇ ನಿಂತಿತ್ತು.

ಇದೇ ಮೇಷ್ಟ್ರು ನಮ್ಮ ಕೈಲಿ ದಿನಾ ಒಂದು ಪುಟ ಕಾಪಿ ಬರೆಸ್ತಿದ್ರು. ಅಕ್ಷರ ವಾಲಿದ್ರೆ ಗೆಣ್ಣಿನ ಮೇಲೆ ಸ್ಕೇಲು, ಜೊತೆಗೆ "ನಿನ್ನ ಪುಸ್ತಕದಲ್ಲಿ ಗಾಳಿ ಬೀಸ್ತಿದೆಯೇನೋ?" ಅನ್ನೋ ಮಾತು. ಬೋರ್ಡಿನ ಮೇಲೆ ಅವರು ಬರೆದಿದ್ದನ್ನ ಅಳಿಸೋಕೆ ನಮಗೆ ಮನಸ್ಸೇ ಬರ್ತಿರಲಿಲ್ಲ, ಸೀಮೆಸುಣ್ಣದಲ್ಲೂ ಅಷ್ಟು ದುಂಡಗೆ.

ಭಾನುವಾರ ಸ್ಟೇಜ್ ಹತ್ತಿದ ಮೇಷ್ಟ್ರು ಫ್ಲೆಕ್ಸ್ ಮುಂದೆ ನಿಂತು, ಕತ್ತು ಓರೆ ಮಾಡಿ, ನಿಧಾನಕ್ಕೆ ಪೂರ್ತಿ ಓದಿದ್ರು. ಆಮೇಲೆ ನನ್ನ ಕಡೆ ತಿರುಗಿ "ಗಾಳಿ ಜೋರಾಗೇ ಇದೆ ಅಲ್ವೇನೋ" ಅಂದ್ರು. ನಾನು ಕೈ ಎರಡೂ ಜೇಬಿಗೆ ಹಾಕ್ಕೊಂಡೆ.