ಆಕಾಶ ನೋಡೋಕೂ ನೂಕುನುಗ್ಗಲು

ನಮ್ಮ ಬೀದಿಗೆ ಬರುವ ಬೆಣ್ಣೆಹಣ್ಣಿನ ಗಾಡಿಯವನದ್ದು ಒಂದೇ ನಿಯಮ. ಹಣ್ಣು ಒತ್ತಿ ನೋಡಿದ ಮೇಲೇ ರೇಟು ಕೇಳಬೇಕು. ಹಾಗೇ ಕೇಳಿದರೆ "ಮೊದ್ಲು ಮಾಲ್ ನೋಡಿ ಸಾರ್" ಅನ್ನುತ್ತಾನೆ. ಇವನನ್ನು ದೆಹಲಿಯ ಶಾಸ್ತ್ರಿ ಭವನಕ್ಕೆ, ಅಂದರೆ ಕೇಂದ್ರದ ಶಿಕ್ಷಣ ಖಾತೆಯ ಕಚೇರಿಗೆ, ಸಲಹೆಗಾರನಾಗಿ ಕಳಿಸಬೇಕಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಅಲ್ಲಿ ಒಂದು ಕಾಲಕ್ಕೆ ಮಕ್ಕಳ ಕಂಪ್ಯೂಟರಿನ ರೇಟು ಮೊದಲು ಹುಟ್ಟುತ್ತಿತ್ತು, ಕಂಪ್ಯೂಟರು ಆಮೇಲೆ. ಒಂದು ಸಲವಂತೂ ಹುಟ್ಟಲೇ ಇಲ್ಲ.

2009ರ ಫೆಬ್ರವರಿ ನೆನಪಿದೆಯಾ? ಹತ್ತು ಡಾಲರಿಗೆ ಲ್ಯಾಪ್‌ಟಾಪ್ ಬರ್ತಿದೆ ಅಂತ ಎಲ್ಲ ಕಡೆ ಸುದ್ದಿ. ಹತ್ತು ಡಾಲರ್ ಅಂದರೆ ಆಗ ಹೆಚ್ಚುಕಡಿಮೆ 500 ರೂಪಾಯಿ. ಅನಾವರಣ ಆಗಿದ್ದು ತಿರುಪತಿಯಲ್ಲಿ. ಹೋಗಿ ನೋಡಿದವರಿಗೆ ಸಿಕ್ಕಿದ್ದು ಫೈಲು ತುಂಬಿಡುವ ಒಂದು ಡಬ್ಬಿ. ತಿರುಪತಿಗೆ ಹೋದವರು ನಾಮ ಇಲ್ಲದೆ ವಾಪಸ್ ಬಂದಿದ್ದುಂಟಾ?

ಆಮೇಲೆ 2010ರ ಜುಲೈ. ಮಂತ್ರಿ ಕಪಿಲ್ ಸಿಬಲ್ ಒಂದು ಟ್ಯಾಬ್ಲೆಟ್ ಎತ್ತಿ ತೋರಿಸಿ 35 ಡಾಲರ್ ಅಂದರು. ಮುಂದೆ ಇದನ್ನು 20ಕ್ಕೆ, ಕೊನೆಗೆ 10ಕ್ಕೆ ಇಳಿಸುವುದೇ ಗುರಿ ಅಂತಲೂ ಸೇರಿಸಿದರು. ಇಳಿಯುವ ವೇಗ ನೋಡಿ ನಾನು ಕಾದು ಕೂತೆ. ಇನ್ನೊಂದೆರಡು ಪತ್ರಿಕಾಗೋಷ್ಠಿ ಆದರೆ ಟ್ಯಾಬ್ಲೆಟ್ ಜೊತೆಗೆ ಅವರೇ ಕೈಗೆ ಕಾಸು ಕೊಡ್ತಾರೆ ಅಂತ ಲೆಕ್ಕ.

2011ರ ಅಕ್ಟೋಬರ್ 5ಕ್ಕೆ ಕೊನೆಗೂ ಮಾಲು ಬಂತು. ಹೆಸರು ಆಕಾಶ್. ಮಾಡಿಕೊಟ್ಟವರು ಡೇಟಾವಿಂಡ್. ಸರ್ಕಾರ ಒಂದೊಂದಕ್ಕೆ ಕೊಟ್ಟ ಬೆಲೆ 2,276 ರೂಪಾಯಿ, ಅಂದರೆ ಆಗಿನ ಲೆಕ್ಕಕ್ಕೆ 46 ಡಾಲರಿನ ಆಸುಪಾಸು. ಹಾಗಾದರೆ 35 ಎಲ್ಲಿ ಹೋಯ್ತು? ಎಲ್ಲೂ ಹೋಗಲಿಲ್ಲ. ವಿದ್ಯಾರ್ಥಿಗಳಿಗೆ 1,750 ರೂಪಾಯಿ ಅಂತ ಮಾಡಿ, ಉಳಿದದ್ದನ್ನು ಖಜಾನೆಯಿಂದ ತುಂಬಿದರು. 1,750 ಅಂದರೆ ಹೆಚ್ಚುಕಡಿಮೆ 35 ಡಾಲರ್! ಮಂತ್ರಿಗಳ ಮಾತು ಉಳಿಯಿತು. ಮಾತಿನ ಬೆಲೆ ತಲಾ 526 ರೂಪಾಯಿ.

ಇನ್ನು ಒತ್ತಿ ನೋಡೋಣ. ಏಳು ಇಂಚಿನ ಪರದೆ. 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್. ಬ್ಯಾಟರಿ ಮೂರು ಗಂಟೆ, ಅದೂ ಮನಸ್ಸಿದ್ದರೆ. ಪರದೆ ರೆಸಿಸ್ಟಿವ್ ಜಾತಿಯದ್ದು. ಅದರಲ್ಲಿ ಎರಡು ತೆಳು ಪದರ ಇರುತ್ತವೆ, ಮೇಲಿನದು ಬಗ್ಗಿ ಕೆಳಗಿನದಕ್ಕೆ ತಾಗಿದರೆ ಮಾತ್ರ ಮುಟ್ಟಿದ್ದು ಗೊತ್ತಾಗುತ್ತದೆ. ಆದ್ದರಿಂದ ಸವರಿದರೆ ಸಾಲದು, ಒತ್ತಬೇಕು. ಉಗುರಿನಲ್ಲಿ ಒತ್ತಿದರೆ ಇನ್ನೂ ಉತ್ತಮ. ಜೊತೆಗೆ ನೆಟ್ ಬೇಕಂದರೆ ವೈ-ಫೈ ಒಂದೇ ದಾರಿ. ಸಿಮ್ ಹಾಕುವಂತಿಲ್ಲ. 2011ರಲ್ಲಿ ನಮ್ಮ ಎಷ್ಟು ಸರ್ಕಾರಿ ಕಾಲೇಜುಗಳಲ್ಲಿ ವೈ-ಫೈ ಇತ್ತು ಅಂತ ಕೇಳುವುದು ಅನಾಗರಿಕತೆ. ಫ್ಯಾನ್ ತಿರುಗುತ್ತಿತ್ತಾ ಅಂತ ಕೇಳಿ, ಬೇಕಾದರೆ.

ನಿಜ ಹೇಳಬೇಕಂದರೆ, ಆ ದುಡ್ಡಿಗೆ ಅದು ತೀರಾ ಕೆಟ್ಟ ಸಾಮಾನೇನಲ್ಲ. ಅದೇ ವರ್ಷ ಐಪ್ಯಾಡ್ ಇಲ್ಲಿಗೆ ಬಂದಿತ್ತು, ಶುರುವಾಗುವುದೇ 27,900 ರೂಪಾಯಿಯಿಂದ. ಆ ದುಡ್ಡಿಗೆ ಆಕಾಶ್ ಹನ್ನೆರಡು ಬರುತ್ತಿತ್ತು. ಹನ್ನೆರಡನ್ನೂ ಸರದಿಯಲ್ಲಿ ಚಾರ್ಜ್ ಮಾಡುತ್ತಾ ಹೋದರೆ ಒಂದು ದಿನ ಪೂರ್ತಿ ಓದಬಹುದಿತ್ತು.

ಬೆಲೆಯ ಮಾಯೆ ಬರೀ ನಮ್ಮದಲ್ಲ ಬಿಡಿ. ಆ ವರ್ಷವೇ ಅಮೆರಿಕದಲ್ಲಿ ಎಚ್‌ಪಿಯವರ ಟಚ್‌ಪ್ಯಾಡ್ ಅನ್ನೋ ಟ್ಯಾಬ್ಲೆಟ್ ಜುಲೈನಲ್ಲಿ 499 ಡಾಲರಿಗೆ ಬಂತು. ಒಂದು ನರಪಿಳ್ಳೆಯೂ ಮೂಸಲಿಲ್ಲ. ಆಗಸ್ಟ್‌ನಲ್ಲಿ ಇನ್ನು ಮಾಡಲ್ಲ ಅಂತ ಘೋಷಿಸಿ 99ಕ್ಕೆ ಇಳಿಸಿದ್ದೇ ತಡ, ಜನ ಮುಗಿಬಿದ್ದರು. ಅಂದರೆ ಸತ್ತಿದೆ ಅಂತ ಗೊತ್ತಾದ ಮೇಲೆ ಆಸೆ ಹುಟ್ಟಿತು.

ಇಲ್ಲಿ ನೂಕುನುಗ್ಗಲು ಇನ್ನೊಂದು ತರಹ. ಮಾರುಕಟ್ಟೆಗೆ ಅಂತ ಬುಕಿಂಗ್ ತೆರೆದಾಗ ಲಕ್ಷಗಟ್ಟಲೆ ಜನ ಹೆಸರು ಬರೆಸಿದರು. "ಆಕಾಶ ನೋಡೋಕೆ ನೂಕುನುಗ್ಗಲೇ" ಅಂತ ಗಾದೆ ಕಟ್ಟಿದ ಹಿರಿಯರು ಇದನ್ನು ನೋಡಿದ್ದರೆ ಪ್ರಶ್ನಾರ್ಥಕ ಚಿಹ್ನೆ ಅಳಿಸುತ್ತಿದ್ದರು. ಅತ್ತ ಖರೀದಿಯ ಹೊಣೆ ಹೊತ್ತ ರಾಜಸ್ಥಾನದ ಐಐಟಿಗೂ ಕಂಪನಿಗೂ ಜಗಳ. ಗಂಟೆಗೆ ನಾಲ್ಕು ಇಂಚು ಮಳೆ ಸುರಿದರೂ ತಡೆಯಬೇಕು ಅಂತ ಮಿಲಿಟರಿ ದರ್ಜೆಯ ಪರೀಕ್ಷೆ ಕೇಳ್ತಾರೆ ಅಂತ ಕಂಪನಿಯವರ ಗೋಳು. ಆಗುಂಬೆಯವರು ಕೇಳಿದ್ದರೆ ಒಂದು ಮಾತು. ಜೋಧಪುರದವರಿಗೆ ಯಾಕಪ್ಪಾ ಈ ಚಿಂತೆ? ಕೊನೆಗೆ ಜವಾಬ್ದಾರಿ ಮುಂಬೈ ಐಐಟಿಗೆ ಹೋಯ್ತು. 2012ರ ನವೆಂಬರಿನಲ್ಲಿ ಆಕಾಶ್-2 ಬಂತು. ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಬಿಡುಗಡೆ ಮಾಡಿದರು. ಅದೇ ತಿಂಗಳು ವಿಶ್ವಸಂಸ್ಥೆಯಲ್ಲೂ ಪ್ರದರ್ಶನ ಆಯ್ತು. ಈ ಸಲ ವಿದ್ಯಾರ್ಥಿಗೆ 1,130. ಎಲ್ಲರಿಗೂ ಬೆಲೆ ಬಾಯಿಪಾಠವಾಗಿತ್ತು. ಅದರಲ್ಲಿ ಯಾವ ಪಾಠ ಓದಬೇಕು ಅನ್ನೋದನ್ನು ಬಾಯಿಪಾಠ ಮಾಡಿದವರನ್ನು ನಾನಂತೂ ಕಂಡಿಲ್ಲ.

ನಮ್ಮ ಬೆಂಗಳೂರಿನವರು ಇದಕ್ಕೂ ಮೊದಲೇ ಉಲ್ಟಾ ದಾರಿ ಹಿಡಿದು ನೋಡಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ಸಿಂಪ್ಯೂಟರ್ ಅಂತ ಕೈಗಾತ್ರದ ಕಂಪ್ಯೂಟರ್ ರೂಪಿಸಿದರು. ಊರಿಗೊಂದು ಯಂತ್ರ, ಮನೆಗೊಂದು ಸ್ಮಾರ್ಟ್ ಕಾರ್ಡ್ ಅನ್ನೋ ಯೋಚನೆ. ಕನ್ನಡವೂ ಬರುತ್ತಿತ್ತು. 2004ರಲ್ಲಿ ಬಿಇಎಲ್ ಜೊತೆ ಸೇರಿ ತಂದ ಮಾದರಿಯಲ್ಲಿ ಕೈ ಅಲುಗಿಸಿದರೆ ಪುಟ ಮಗುಚುತ್ತಿತ್ತು, ಐಫೋನ್ ಹುಟ್ಟುವುದಕ್ಕೂ ಮೂರು ವರ್ಷ ಮುಂಚೆ! ಒಳ್ಳೆ ಮಾಲು. ಆದರೆ ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಶುರು. ಯಾವ ಹಳ್ಳಿಗಾಗಿ ಮಾಡಿದರೋ ಆ ಹಳ್ಳಿಯವರು ದೂರದಿಂದಲೇ ಕೈ ಅಲುಗಿಸಿ ಕಳಿಸಿಕೊಟ್ಟರು.

ಸರಿ, ನಾನೇನು ಕಮ್ಮಿ ಜಾಣನಲ್ಲ. ಆಕಾಶದ ಗಾಳಿ ಬೀಸುತ್ತಿದ್ದ ಆ ದಿನಗಳಲ್ಲೇ ಎಸ್.ಪಿ. ರೋಡಿಗೆ ಹೋದೆ. ಹೆಸರೇ ಕೇಳದ ಕಂಪನಿಯದ್ದೊಂದು ಏಳು ಇಂಚಿನ ಟ್ಯಾಬ್. ಅಂಗಡಿಯವನು 5,500 ಅಂದ. ನಾನು ಪೇಪರ್ ಓದಿದವನ ಗತ್ತಿನಲ್ಲಿ "ಸರ್ಕಾರದವ್ರು 35 ಡಾಲರಿಗೆ ಕೊಡ್ತಾರಂತಲ್ಲಪ್ಪ" ಅಂದೆ. ಅವನು ಟ್ಯಾಬನ್ನು ಮೆಲ್ಲಗೆ ಡಬ್ಬಿಗೆ ಹಾಕುತ್ತಾ "ಹಂಗಾದ್ರೆ ಅಲ್ಲೇ ತಗೊಳ್ಳಿ ಸಾರ್, ಬಂದಾಗ ನಂಗೂ ಎರಡು ಹೇಳಿ" ಅಂದ. 4,200ಕ್ಕೆ ಮುಗಿಯಿತು. ಮನೆಗೆ ತಂದರೆ ಯಾರೂ ಇದರಲ್ಲಿ ಏನು ಮಾಡಬಹುದು ಅಂತ ಕೇಳಲಿಲ್ಲ. ಅತ್ತೆ, ಪಕ್ಕದ ಮನೆಯವರು, ಪೇಪರ್ ಹುಡುಗ, ಎಲ್ಲರದ್ದೂ ಒಂದೇ ಪ್ರಶ್ನೆ: "ಎಷ್ಟು ಕೊಟ್ರಿ?" ನಾನು ಮೂರೂವರೆ ಅಂದೆ. "ಜಾಸ್ತಿ ಆಯ್ತು" ಅಂದರು. ಪಕ್ಕದ ಮನೆಯವರಿಗೆ ಎರಡು ಸಾವಿರ ಅಂತ ಹೇಳಿದೆ. ಅವರೂ ಜಾಸ್ತಿ ಆಯ್ತು ಅಂದರು.

ಎರಡೇ ವರ್ಷಕ್ಕೆ ಬ್ಯಾಟರಿ ಉಬ್ಬಿ ಬೆನ್ನು ಗೂನಾಯಿತು. ರಿಪೇರಿಯವನು ಬ್ಯಾಟರಿ ಕಿತ್ತು, ನೇರ ತಂತಿ ಎಳೆದು ಕೊಟ್ಟ. ಈಗ ಅಡುಗೆಮನೆಯ ಶೆಲ್ಫಿನ ಮೇಲೆ, ಕಾಫಿಪುಡಿ ಡಬ್ಬಿಗೆ ಒರಗಿಕೊಂಡು ಗಡಿಯಾರದ ಕೆಲಸ ಮಾಡುತ್ತಿದೆ. ಒಂದೇ ತೊಂದರೆ. ಕರೆಂಟ್ ಹೋಗಿ ಬಂದಾಗಲೆಲ್ಲ ಅದು ತಾರೀಖು ಮರೆತು, 2010ರ ಜನವರಿ 1ಕ್ಕೆ ಹೋಗಿ ನಿಲ್ಲುತ್ತದೆ. ನಿನ್ನೆ ಮೂರು ಸಲ ಹೋಯ್ತು ಕರೆಂಟು. ಅದರ ಲೆಕ್ಕದಲ್ಲಿ ಮಂತ್ರಿಗಳು 35 ಡಾಲರ್ ಅನ್ನೋಕೆ ಇನ್ನೂ ಆರು ತಿಂಗಳ ಮೇಲಿದೆ.